ಬೋಗಾದಿಯ ಮನೆಯಿಂದ ತಂದ ಡ್ಯಾಶ್‌ಹಂಡ್ ಮರಿ: ಐದು ತಿಂಗಳ ನಂತರದ ವಿಮರ್ಶೆ

ಈ ವರ್ಷದ ಜೂನ್ ತಿಂಗಳ ಕೊನೆಯ ಭಾನುವಾರ, ಮೈಸೂರಿನ ಬೋಗಾದಿ ರಸ್ತೆಯ ಬಡಾವಣೆಯೊಂದರಲ್ಲಿ ಮನೆಯಲ್ಲಿಯೇ ಡ್ಯಾಶ್‌ಹಂಡ್ ನಾಯಿಗಳನ್ನು ಸಾಕಿ ಮರಿ ಮಾಡಿಸುವ ದಂಪತಿಯಿಂದ ಎಂಟು ವಾರ ಮೂರು ದಿನಗಳ ಹೆಣ್ಣುಮರಿಯೊಂದನ್ನು 18,000 ರೂಪಾಯಿ ಕೊಟ್ಟು ತಂದೆವು. ಮೈಬಣ್ಣ ಅಚ್ಚುಬೆಲ್ಲದಂತೆ ಇದ್ದುದರಿಂದ, ಮಂಡ್ಯದ ಕಡೆಯವರಾದ ನಮ್ಮ ಅತ್ತೆಯವರು ಅದಕ್ಕೆ ಬೆಲ್ಲ ಎಂದೇ ಹೆಸರಿಟ್ಟರು. ಮರಿ ತಂದ ವಾರದಲ್ಲೇ ಬರೆದಿದ್ದರೆ ಅದರ ಮುದ್ದಿನ ವಿಷಯವನ್ನಷ್ಟೇ ಬರೆಯುತ್ತಿದ್ದೆನೇನೋ. ಅದನ್ನು ಎಂಟು ವಾರ ಬೆಳೆಸಿ ಕೊಟ್ಟವರ ಕೆಲಸ ಎಂಥದ್ದು ಎಂಬುದು ತಿಳಿಯಲು ಐದು ತಿಂಗಳೇ ಬೇಕಾಯಿತು. ದಂಪತಿಯ ಇಚ್ಛೆಯಂತೆ ಅವರ ಹೆಸರನ್ನು ಇಲ್ಲಿ ಬರೆದಿಲ್ಲ.

ಇದಕ್ಕೆ ಮೊದಲು ನಮ್ಮ ಮನೆಯಲ್ಲಿ ಒಂದು ಪೊಮೇರಿಯನ್ ಇತ್ತು. 2014ರಲ್ಲಿ ಅಂಗಡಿಯೊಂದರಿಂದ, 45 ದಿನದ ಮರಿ ಎಂಬ ಮಾತನ್ನು ನಂಬಿ ತಂದದ್ದು. ಮರುದಿನ ಹಲ್ಲು ನೋಡಿದ ಪಶುವೈದ್ಯರು ಇದಕ್ಕೆ ತಿಂಗಳು ತುಂಬಿದ್ದರೆ ಹೆಚ್ಚು ಎಂದರು. ತಾಯಿನಾಯಿಯನ್ನು ಯಾರೂ ತೋರಿಸಲಿಲ್ಲ, ತೋರಿಸಿ ಎಂದು ಕೇಳಬೇಕೆಂಬುದು ನಮಗೂ ಹೊಳೆಯಲಿಲ್ಲ. ಹತ್ತು ವರ್ಷ ಅದನ್ನು ಪ್ರೀತಿಯಿಂದಲೇ ಸಾಕಿದೆವು, ಆದರೆ ಆ ನಾಯಿ ಹತ್ತು ವರ್ಷವೂ ಹೆದರಿಕೊಂಡೇ ಬದುಕಿತು. ಗ್ಯಾಸ್ ಸಿಲಿಂಡರ್ ತರುವವರನ್ನು ಎರಡು ಸಲ ಕಚ್ಚಿತು. ನಮ್ಮ ಮನೆ ಇರುವುದು ಅಗ್ರಹಾರದಲ್ಲಿ, ಅರಮನೆಗೆ ಹತ್ತಿರ. ದಸರೆಗೆ ಮುನ್ನ ಆನೆ, ಕುದುರೆಗಳನ್ನು ಶಬ್ದಕ್ಕೆ ಒಗ್ಗಿಸಲು ಫಿರಂಗಿಯಿಂದ ಕುಶಾಲತೋಪು ಸಿಡಿಸುವ ತಾಲೀಮು ನಡೆಯುತ್ತದಲ್ಲ, ಆ ದಿನಗಳಲ್ಲಿ ಅದು ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು, ಅಲ್ಲೇ ಮೂತ್ರ ಮಾಡಿಕೊಂಡು, ದೀಪ ಹಚ್ಚುವ ಹೊತ್ತಿನವರೆಗೂ ಹೊರಗೆ ಬರುತ್ತಿರಲಿಲ್ಲ. ಅದು ಅದರ ಸ್ವಭಾವ ಎಂದು ನಾವು ಸುಮ್ಮನಾಗಿದ್ದೆವು.

ಅದು ಬರೀ ಸ್ವಭಾವವಲ್ಲ ಎಂದು ತಿಳಿದದ್ದು ಎರಡನೆಯ ಮರಿಗಾಗಿ ಹುಡುಕುವಾಗ. ಅಮೆರಿಕದ ಜಾಕ್ಸನ್ ಪ್ರಯೋಗಾಲಯದಲ್ಲಿ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ಅನೇಕ ವರ್ಷ ನಾಯಿಮರಿಗಳನ್ನು ಬೆಳೆಸಿ ನೋಡಿ, 1960ರ ದಶಕದಲ್ಲಿ ಪ್ರಕಟಿಸಿದ ಸಂಗತಿ ಇದು: ಮರಿ ಮನುಷ್ಯರನ್ನೂ ಹೊಸ ವಸ್ತು, ಹೊಸ ಸದ್ದುಗಳನ್ನೂ ಸಲೀಸಾಗಿ ತನ್ನದೆಂದು ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮಾತ್ರ. ಎಂಟು ವಾರದ ಮರಿಯನ್ನು ತರುವವರಿಗೆ ಆ ಒಂಬತ್ತು ವಾರಗಳಲ್ಲಿ ನಾಲ್ಕೇ ಸಿಗುತ್ತವೆ. ಮೊದಲ ಐದು ವಾರ ಕಳೆಯುವುದು ಮರಿ ಹುಟ್ಟಿದ ಮನೆಯಲ್ಲಿ. ಆ ಐದು ವಾರಗಳಲ್ಲಿ ಏನು ನಡೆಯಿತು ಎಂದು ಕೇಳಿದಾಗ ನೆಟ್ಟಗೆ ಉತ್ತರ ಕೊಟ್ಟವರು, ನಾನು ಮಾತನಾಡಿಸಿದ ನಾಲ್ವರಲ್ಲಿ, ಈ ದಂಪತಿ ಮಾತ್ರ. ಉಳಿದ ಮೂವರು ಬಣ್ಣ, ಬೆಲೆ ಮತ್ತು ಪೆಡಿಗ್ರಿ (ವಂಶಾವಳಿ) ಕಾಗದದ ಬಗ್ಗೆ ಹೇಳಿದರು. ಅವರಲ್ಲಿ ಒಬ್ಬರು 40 ದಿನಕ್ಕೇ ಮರಿ ಕೊಡಲು ಸಿದ್ಧರಿದ್ದರು.

ಮರಿಗಳಿಗೆ ಐದು ವಾರ ತುಂಬಿದ ಮೇಲಷ್ಟೇ ನೋಡಲು ಬರಬಹುದು ಎಂದು ಬೋಗಾದಿಯ ದಂಪತಿ ಹೇಳಿದರು. ಹೋದ ದಿನ ಗೇಟಿನ ಹೊರಗೇ ಚಪ್ಪಲಿ ಬಿಡಿಸಿ, ನಲ್ಲಿಯ ಬಳಿ ಸೋಪು ಹಾಕಿ ಕೈಕಾಲು ತೊಳೆಸಿದರು. ನಾಯಿಮರಿಗಳ ಜೀವಕ್ಕೇ ಕುತ್ತು ತರುವ ಪಾರ್ವೊ ವೈರಾಣು ಚಪ್ಪಲಿಗೆ ಅಂಟಿಕೊಂಡು ಮನೆಯಿಂದ ಮನೆಗೆ ಬರುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ ಎಂಬ ಕಾರಣಕ್ಕೆ. ತಾಯಿ ಚೆರ್ರಿ ನಡುಮನೆಯಲ್ಲಿಯೇ ಇತ್ತು. ನಾವು ಒಳಗೆ ಕಾಲಿಟ್ಟಾಗ ಎರಡು ಸಲ ಬೊಗಳಿ, ಬಂದು ಮೂಸಿ, ನನ್ನ ಮಗನ ಪಾದದ ಪಕ್ಕದಲ್ಲೇ ಮಲಗಿತು. ಮರಿ ಕೊಳ್ಳುವವರು ಬೇರೇನು ನೋಡದಿದ್ದರೂ ಹೊಸಬರ ಎದುರಿಗೆ ತಾಯಿ ಹೇಗಿರುತ್ತದೆ ಎಂಬುದನ್ನು ನೋಡಲೇಬೇಕು. ಅಳುಕುವ ತಾಯಿಯ ಹಿಂದೆ ಮರಿಗಳೂ ಅಳುಕುತ್ತವೆ.

ನಾಲ್ಕು ಮರಿಗಳು ಆಡುತ್ತಿದ್ದಾಗ ಆ ಮನೆಯಾಕೆ ಏನನ್ನೂ ಹೇಳದೆ ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ತಂದು, ಸ್ವಲ್ಪ ದೂರದಲ್ಲಿ ಸೊಂಟದೆತ್ತರದಿಂದ ನೆಲಕ್ಕೆ ಬಿಟ್ಟರು. ನಾಲ್ಕೂ ಮರಿಗಳು ಬೆಚ್ಚಿ ಚದುರಿದವು; ಒಂದು ಸೋಫಾದ ಕೆಳಗೆ ನುಗ್ಗಿತು. ತಟ್ಟೆ ತಿರುಗಿ ತಿರುಗಿ ನಿಲ್ಲುವಷ್ಟರಲ್ಲಿ ಬೆಲ್ಲದ ಬಣ್ಣದ ಮರಿ ಹೊಟ್ಟೆ ನೆಲಕ್ಕೆ ಸೋಕುವಂತೆ ತೆವಳಿಕೊಂಡು ಬಂದು, ತಟ್ಟೆಯ ಅಂಚನ್ನು ಮೂಸಿ, ಮುಂಗಾಲಿನಿಂದ ಒಮ್ಮೆ ತಟ್ಟಿತು. “ಬೆಚ್ಚಿಬೀಳೋದು ತಪ್ಪಲ್ಲ ಮೇಡಂ, ಎಲ್ಲಾ ಮರೀನೂ ಬೆಚ್ಚುತ್ತೆ. ಎಷ್ಟು ಬೇಗ ವಾಪಸ್ಸು ಬರುತ್ತೆ ಅಂತ ನೋಡಿ. ನಿಮ್ಮನೆ ಅಗ್ರಹಾರದಲ್ಲಿ ಅಂದ್ರಲ್ಲ, ನಿಮಗೆ ಇದೇ ಸರಿ,” ಎಂದರು. ಸೋಫಾದ ಕೆಳಗೆ ಹೋದ ಮರಿ ನಿಧಾನವಾಗಿ ಬಂತು. ಅದನ್ನು ಗದ್ದಲವಿಲ್ಲದ, ಚಿಕ್ಕ ಮಕ್ಕಳಿಲ್ಲದ ಮನೆಗೆ ಕೊಡುವುದಾಗಿ ಹೇಳಿದರು. ಯಾವ ಮರಿ ಯಾವ ಮನೆಗೆ ಹೊಂದುತ್ತದೆ ಎಂದು ತಾವೇ ಯೋಚಿಸಿ ಕೊಡುವ ಈ ಕ್ರಮ ನನಗೆ ಬಹಳ ಹಿಡಿಸಿತು.

ಮರಿಗಳ ಜಾಗವನ್ನು ಅಡುಗೆಮನೆಯ ಬಾಗಿಲ ಬಳಿ ಮಾಡಿದ್ದರು. ಕುಕ್ಕರ್ ವಿಷಲ್, ಮಿಕ್ಸಿ, ಪೊರಕೆಯ ಸದ್ದು ದಿನವಿಡೀ ಅವುಗಳ ಕಿವಿಗೆ ಬೀಳುತ್ತಿತ್ತು. ನಾಲ್ಕನೆಯ ವಾರದಿಂದ ಪಟಾಕಿ, ತಮಟೆ, ಗುಡುಗಿನ ಧ್ವನಿಮುದ್ರಣವನ್ನು ಮೊಬೈಲಿನಲ್ಲಿ ಬಹಳ ಮೆಲ್ಲಗೆ, ಊಟದ ಹೊತ್ತಿಗೆ ಮಾತ್ರ ಹಾಕಿ, ದಿನ ಕಳೆದಂತೆ ಸದ್ದನ್ನು ಏರಿಸಿದ್ದರಂತೆ. ಟೈಲ್ಸ್, ತೆಂಗಿನ ನಾರಿನ ಕಾಲೊರಸು, ಮರಳು ತುಂಬಿದ ಟ್ರೇ, ಹಿತ್ತಲಿನ ಹುಲ್ಲು, ಎಲ್ಲದರ ಮೇಲೂ ಮರಿಗಳನ್ನು ಓಡಾಡಿಸಿದ್ದರು. ಹೆಲ್ಮೆಟ್ ಹಾಕಿಕೊಂಡವರು, ಕೊಡೆ ಹಿಡಿದವರು, ಗಡ್ಡ ಬಿಟ್ಟ ಅಜ್ಜ, ಸೊಪ್ಪು ಮಾರುವ ಅಮ್ಮ, ಪಕ್ಕದ ಮನೆಯ ಮಕ್ಕಳು, ಹೀಗೆ ಬಗೆಬಗೆಯ ಜನರ ಕೈಯಿಂದ ತಿಂಡಿ ಕೊಡಿಸಿದ್ದರು. ಇದೆಲ್ಲ ಬಾಯಿಮಾತಲ್ಲ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಇತ್ತು. ಹುಟ್ಟಿದಾಗ 210 ಗ್ರಾಂ, ಹತ್ತನೆಯ ದಿನ 430 ಗ್ರಾಂ, ಕಣ್ಣು ಬಿಟ್ಟದ್ದು ಹದಿಮೂರನೆಯ ದಿನ, ಮೊದಲ ಜಂತುಹುಳುವಿನ ಔಷಧ ಹದಿನೈದನೆಯ ದಿನ, ಮೊದಲ ಲಸಿಕೆ 45ನೆಯ ದಿನ. ನಮ್ಮ ಮರಿಯ ಪುಟಗಳನ್ನು ಜೆರಾಕ್ಸ್ ಮಾಡಿಸಿ ಕೊಟ್ಟರು.

ಕಾನೂನಿನ ವಿಷಯವನ್ನೂ ಹೇಳಬೇಕು. ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟಕ್ಕೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮಗಳನ್ನು ಹೊರಡಿಸಿದೆ. ಅವುಗಳ ಪ್ರಕಾರ ಬ್ರೀಡರ್, ಅಂದರೆ ಮರಿ ಮಾಡಿಸಿ ಮಾರುವವರು, ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಹದಿನೆಂಟು ತಿಂಗಳಾಗದ ಹೆಣ್ಣುನಾಯಿಯಿಂದ ಮರಿ ಮಾಡಿಸುವಂತಿಲ್ಲ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದನ್ನು ಮೀರಬಾರದು. ಈ ದಂಪತಿ ನೋಂದಣಿ ಪ್ರಮಾಣಪತ್ರವನ್ನು ನಾವು ಕೇಳುವ ಮೊದಲೇ ತೋರಿಸಿದರು.

ತಳಿಯ ಬಗ್ಗೆ ಅವರಿಗಿರುವ ತಿಳಿವಳಿಕೆ ದೊಡ್ಡದು, ಅದಕ್ಕಿಂತ ದೊಡ್ಡದು ಅದನ್ನು ಮುಚ್ಚಿಡದೆ ಹೇಳುವ ಗುಣ. ಡ್ಯಾಶ್‌ಹಂಡಿನ ಗಿಡ್ಡ ಕಾಲು, ಉದ್ದ ಬೆನ್ನು ನೋಡಲು ಚೆನ್ನ. ಆದರೆ ಬೆನ್ನುಮೂಳೆಗಳ ನಡುವಿನ ಮೆತ್ತೆಗಳು ಈ ತಳಿಯಲ್ಲಿ ಬೇಗ ಗಟ್ಟಿಯಾಗಿ ಜಾರುತ್ತವೆ, ಹಿಂಗಾಲುಗಳ ಸ್ವಾಧೀನವೇ ತಪ್ಪಬಹುದು. ಸೋಫಾ, ಮಂಚದಿಂದ ಜಿಗಿಯಲು ಬಿಡಬೇಡಿ, ತೂಕ ಏರಲು ಬಿಡಬೇಡಿ ಎಂದು ಹೇಳಿ, ಎತ್ತಿಕೊಳ್ಳುವ ಬಗೆಯನ್ನು ನನ್ನ ಮಗನಿಂದ ಮೂರು ಸಲ ಮಾಡಿಸಿದರು: ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗಕ್ಕೆ ಆಸರೆ, ಬೆನ್ನು ನೆಲಕ್ಕೆ ಸಮ. ಇನ್ನೊಂದು ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮೈಮೇಲೆ ಮಚ್ಚೆ ಚೆಲ್ಲಿದಂತಿರುವ ಡ್ಯಾಪಲ್ ಬಣ್ಣದ ಮರಿಗಳಿಗೆ ಈಗ ಬೇಡಿಕೆ ಹೆಚ್ಚು. ಎರಡು ಡ್ಯಾಪಲ್ ನಾಯಿಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಆ ಗುಣ ಎರಡೂ ಕಡೆಯಿಂದ ಬರುತ್ತದೆ. ಅಂಥ ಮರಿಗಳು ಕಿವುಡಾಗಿಯೋ ಕಣ್ಣಿನ ದೋಷ ಹೊತ್ತೋ ಹುಟ್ಟುವ ಸಂಭವ ಬಹಳ. ಬೆಲೆ ಹೆಚ್ಚು ಬರುತ್ತದೆಂದು ಗೊತ್ತಿದ್ದರೂ ಇವರು ಆ ಕೆಲಸಕ್ಕೆ ಕೈ ಹಾಕಿಲ್ಲ.

ಕೊರತೆಗಳೂ ಇವೆ. ಮರಿಗಳನ್ನು ವಾಹನಕ್ಕೆ ಒಗ್ಗಿಸಿರಲಿಲ್ಲ. ಬೋಗಾದಿಯಿಂದ ಅಗ್ರಹಾರ ಎಷ್ಟು ದೂರ? ಅಷ್ಟರಲ್ಲೇ ಬೆಲ್ಲ ಕಾರಿನಲ್ಲಿ ಎರಡು ಸಲ ವಾಂತಿ ಮಾಡಿತು. ಈಗಲೂ ಕಾರು ಎಂದರೆ ಜೊಲ್ಲು ಸುರಿಸುತ್ತದೆ. ಒಂಟಿಯಾಗಿ ಮಲಗುವ ಅಭ್ಯಾಸವನ್ನೂ ಮಾಡಿಸಿರಲಿಲ್ಲ. ಹೊರಡುವ ದಿನದವರೆಗೂ ಒಡಹುಟ್ಟಿದವುಗಳ ರಾಶಿಯಲ್ಲೇ ಮಲಗಿದ್ದ ಮರಿ ನಮ್ಮ ಮನೆಯಲ್ಲಿ ಒಂಬತ್ತು ರಾತ್ರಿ ಅತ್ತಿತು. ತಾಯಿಯ ಹಾಸಿಗೆಯಿಂದ ಕತ್ತರಿಸಿ ಕೊಟ್ಟ ಹಳೆಯ ಸೀರೆಯ ತುಂಡಿನಿಂದ ಸ್ವಲ್ಪ ಸಮಾಧಾನವಾಯಿತು ನಿಜ, ಆದರೆ ಕೊನೆಯ ವಾರದಲ್ಲಿ ದಿನಕ್ಕೆ ಹತ್ತು ನಿಮಿಷವಾದರೂ ಬೇರೆಯಾಗಿ ಇರಿಸಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ. ಇದನ್ನು ಅವರಿಗೇ ಹೇಳಿದ್ದೇನೆ, ಒಪ್ಪಿಕೊಂಡರು. ನಾಯಿಯ ಗುರುತಿಗಾಗಿ ಚರ್ಮದ ಕೆಳಗೆ ಇರಿಸುವ ಮೈಕ್ರೋಚಿಪ್ ನಮ್ಮ ಹೆಸರಿಗೆ ವರ್ಗವಾದ ಕಾಗದ ಕೈಸೇರಲು ಆರು ವಾರ ಹಿಡಿಯಿತು, ಮೂರು ಸಲ ಫೋನ್ ಮಾಡಬೇಕಾಯಿತು. ಲಿಖಿತ ಕರಾರನ್ನು ನಾನೇ ಕೇಳಿ ಬರೆಸಿಕೊಂಡೆ.

ಅವರು ಆರಂಭಿಸಿದ್ದನ್ನು ಹನ್ನೆರಡು ವಾರದವರೆಗೆ ನಾವು ಮುಂದುವರಿಸಿದೆವು. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಯ ನೆಲಕ್ಕೆ ಇಳಿಸದೆ, ಹೆಗಲಿಗೆ ಹಾಕಿದ ಬಟ್ಟೆಯ ಚೀಲದಲ್ಲಿ ಕೂರಿಸಿಕೊಂಡು ಅಗ್ರಹಾರ ವೃತ್ತದ ಬಸ್ಸು, ಆಟೊಗಳನ್ನೂ ದೇವಸ್ಥಾನದ ಗಂಟೆಯನ್ನೂ ಪರಿಚಯಿಸಿದೆವು. ಸೆಪ್ಟೆಂಬರಿನಲ್ಲಿ ಕುಶಾಲತೋಪಿನ ತಾಲೀಮು ಶುರುವಾದ ದಿನ ನಾನು ಬ್ಯಾಂಕಿಗೆ ರಜೆ ಹಾಕಿ ಮನೆಯಲ್ಲೇ ಇದ್ದೆ. ಮೊದಲ ತೋಪಿಗೆ ಬೆಲ್ಲ ತಟ್ಟನೆ ಎದ್ದು ನಿಂತು, ಕಿವಿ ಹಿಂದಕ್ಕೆ ಮಾಡಿ, ಅತ್ತೆಯವರ ಮುಖ ನೋಡಿತು. ಅವರು ಅವರೆಕಾಯಿ ಸುಲಿಯುತ್ತಲೇ ಇದ್ದರು. ಎರಡನೆಯದಕ್ಕೆ ಒಮ್ಮೆ ಬೊಗಳಿತು. ಆಮೇಲೆ ಅವರ ಮೊರದಿಂದ ಬಿದ್ದ ಸಿಪ್ಪೆಯೊಂದನ್ನು ಕಚ್ಚಿಕೊಂಡು ಬಾಗಿಲ ಬಳಿ ಹೋಗಿ ಮಲಗಿತು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ಅತ್ತೆ. ಹಳೆಯ ನಾಯಿ ಮಂಚದ ಕೆಳಗೆ ಕಳೆದ ಹತ್ತು ದಸರೆಗಳು ನೆನಪಾದವು.

18,000 ರೂಪಾಯಿ ಹೆಚ್ಚಾಯಿತು ಎಂದು ನೆಂಟರು ಹೇಳಿದರು. ಇದಕ್ಕಿಂತ ಕಡಿಮೆಗೆ ಇದೇ ತಳಿಯ ಮರಿ ಸಿಗುತ್ತದೆ ಎಂಬುದು ನಿಜ. ನನ್ನ ಎಣಿಕೆಯಲ್ಲಿ ಆ ಹಣ ಹೋದದ್ದು ತಳಿಗಲ್ಲ, ಆ ನೋಟ್‌ಬುಕ್ಕಿನ ಐದು ವಾರಗಳಿಗೆ, ಮತ್ತು ಅದು ಸಲ್ಲಬೇಕಾದ ಹಣ. ಅವರಿಂದ ಮರಿ ಬೇಕೆನ್ನುವವರು ಕಾಯಲು ಸಿದ್ಧರಿರಬೇಕು: ಫೋನಿಗೆ ಉತ್ತರ ಬರುವುದು ರಾತ್ರಿ ಎಂಟರ ಮೇಲೆ, ನೋಡಲು ಬಿಡುವುದು ಭಾನುವಾರ ಮಾತ್ರ. ಚೆರ್ರಿಯ ಮುಂದಿನ ಸೂಲು ಬರುವ ವರ್ಷದ ಬೇಸಿಗೆಗೆ. ನಿಯಮದಲ್ಲಿ ಐದಕ್ಕೆ ಅವಕಾಶವಿದ್ದರೂ ಈ ಮೂರನೆಯದೇ ಅದರ ಕೊನೆಯ ಸೂಲು ಎಂದು ಅವರು ಈಗಾಗಲೇ ತೀರ್ಮಾನಿಸಿದ್ದಾರೆ.