ಮೊರಾರ್ಜಿ ಪ್ರವೇಶ ಪರೀಕ್ಷೆಯ ವಿಜ್ಞಾನಕ್ಕೆ ಗೈಡ್, ಕೋಚಿಂಗ್, ಪಠ್ಯಪುಸ್ತಕ: ಮೂರನ್ನೂ ಬಳಸಿ ನೋಡಿದ ಮೇಲೆ

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್ ವಸತಿ ಶಾಲೆಗಳ ಆರನೇ ತರಗತಿಗೆ ಸೇರಲು ಐದನೇ ತರಗತಿಯ ಮಕ್ಕಳು ಬರೆಯುವ ಪ್ರವೇಶ ಪರೀಕ್ಷೆಗೆ ಮನೆಯಲ್ಲಿ ತಯಾರಿ ನಡೆಸಿರುವ ಪಾಲಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪರೀಕ್ಷೆಯ ಎಲ್ಲ ವಿಷಯಗಳ ಬಗ್ಗೆ ಹೇಳುವಷ್ಟು ಅನುಭವ ನನಗಿಲ್ಲವಾದ್ದರಿಂದ ಮಾತನ್ನು ವಿಜ್ಞಾನಕ್ಕೆ ಮಾತ್ರ ಸೀಮಿತಗೊಳಿಸುತ್ತೇನೆ. ನನ್ನ ಆಯ್ಕೆ ಯಾವುದೆಂಬುದನ್ನು ಮೊದಲೇ ಹೇಳುವುದಾದರೆ, ಸರ್ಕಾರಿ ಪಠ್ಯಪುಸ್ತಕ ಮತ್ತು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳು. ಮಗಳಿಗಾಗಿ ದಪ್ಪನೆಯ ಗೈಡನ್ನೂ ಕೊಂಡೆ, ಪಟ್ಟಣದ ಕೋಚಿಂಗ್ ತರಗತಿಗೂ ಕಳಿಸಿದೆ, ಮೊಬೈಲಿನ ಪಾಠಗಳನ್ನೂ ತೋರಿಸಿದೆ. ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಆದ ಉಪಯೋಗವಿದೆ, ಆದರೆ ಆ ಉಪಯೋಗ ಅಂಗಡಿಯವರು ಮತ್ತು ಜಾಹೀರಾತಿನವರು ಹೇಳುವ ಕಡೆ ಇಲ್ಲ.

ನಾನಿರುವುದು ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಲ್ಲಿ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ, ಸಂಜೆ ಮನೆ ಸೇರುವುದು ತಡ, ಹಾಗಾಗಿ ಮಗಳ ಜೊತೆ ಓದಿಗೆ ಕೂರಲು ಸಿಗುವುದು ಬೆಳಗಿನ ಒಂದು ತಾಸು ಮಾತ್ರ. ನಮ್ಮ ಕಡೆ ಈ ಪರೀಕ್ಷೆಯ ಮೇಲೆ ಬಹಳ ಮನೆಗಳು ಕಣ್ಣಿಟ್ಟು ಕುಳಿತಿರುತ್ತವೆ, ಏಕೆಂದರೆ ಸೀಟು ಸಿಕ್ಕರೆ ಹತ್ತನೇ ತರಗತಿಯವರೆಗೆ ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಕರ್ನಾಟಕ ವಸತಿ ಶಿಕ್ಷಣ ಸಂಸ್ಥೆಗಳ ಸಂಘದ ಶಾಲೆಗಳಿಗೆ ಈ ಪರೀಕ್ಷೆಯನ್ನು ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಎಲ್ಲವೂ ನಾಲ್ಕು ಆಯ್ಕೆಗಳ ಪ್ರಶ್ನೆಗಳೇ ಆಗಿದ್ದು, ಉತ್ತರವನ್ನು ಓಎಂಆರ್ ಹಾಳೆಯಲ್ಲಿ, ಅಂದರೆ ಯಂತ್ರದಿಂದ ತಿದ್ದುವ ಉತ್ತರ ಹಾಳೆಯ ವೃತ್ತಗಳಲ್ಲಿ, ಪೆನ್ನಿನಿಂದ ತುಂಬಬೇಕು. ಹತ್ತು ಹನ್ನೊಂದು ವರ್ಷದ ಮಗುವಿಗೆ ಇದೇ ಮೊದಲ ದೊಡ್ಡ ಪರೀಕ್ಷೆ.

ಗೈಡಿನಿಂದ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ನಾನು ಕೊಂಡದ್ದು 420 ರೂಪಾಯಿಯ ಪುಸ್ತಕ, ಎಲ್ಲ ವಿಷಯಗಳೂ ಒಂದೇ ಹೊತ್ತಗೆಯಲ್ಲಿ, ಹಿಂದೆ ಮಾದರಿ ಪ್ರಶ್ನೆಪತ್ರಿಕೆಗಳು, ಅವುಗಳ ಹಿಂದೆ ಸರಿಯುತ್ತರಗಳ ಪಟ್ಟಿ. ನೋಡಲು ಅಚ್ಚುಕಟ್ಟಾಗಿತ್ತು. ಗಣಿತದ ಭಾಗ ನಿಜಕ್ಕೂ ಚೆನ್ನಾಗಿಯೇ ಇತ್ತು. ತೊಂದರೆ ಶುರುವಾದದ್ದು ವಿಜ್ಞಾನದ ಮಾದರಿ ಪತ್ರಿಕೆಗಳನ್ನು ಮಗಳು ತಾನೇ ಬಿಡಿಸಿ, ತಾನೇ ಹಿಂದಿನ ಪಟ್ಟಿ ನೋಡಿ ತಿದ್ದಿಕೊಳ್ಳತೊಡಗಿದಾಗ.

ಒಂದು ದಿನ ಅವಳ ಹಾಳೆಯನ್ನು ನೋಡಿದರೆ, ಸಸ್ಯಗಳು ಆಹಾರ ತಯಾರಿಸುವಾಗ ಹೊರಬಿಡುವ ಅನಿಲ ಯಾವುದೆಂಬ ಪ್ರಶ್ನೆಗೆ ಆಮ್ಲಜನಕ ಎಂದು ಮೊದಲು ಗುರುತು ಹಾಕಿ, ಅದನ್ನು ಹೊಡೆದು, ಸಾರಜನಕ ಎಂದು ತಿದ್ದಿದ್ದಳು. ಕೇಳಿದರೆ, "ಅಪ್ಪಾ, ನಂದ ಸರಿ ಐತಿ ಅನ್ಕೊಂಡಿದ್ನಿ, ಹಿಂದ 'ಸಿ' ಅಂತ ಕೊಟ್ಟಾರ" ಎಂದಳು. ಪಟ್ಟಿಯಲ್ಲಿ 'ಸಿ' ಎಂದೇ ಇತ್ತು. ಮುಂದಿನ ಪ್ರಶ್ನೆ ನೋಡಿದೆ, ಅದೂ ತಪ್ಪು. ಅದರ ಮುಂದಿನದೂ ತಪ್ಪು. ಸ್ವಲ್ಪ ಹೊತ್ತು ಕೂತು ಎರಡನ್ನೂ ತಾಳೆ ನೋಡಿದ ಮೇಲೆ ತಿಳಿದದ್ದೇನೆಂದರೆ, ಹೊಸ ಮುದ್ರಣದಲ್ಲಿ ಒಂದು ಪ್ರಶ್ನೆಯನ್ನು ತೆಗೆದುಹಾಕಿದ್ದಾರೆ, ಉತ್ತರದ ಪಟ್ಟಿಯನ್ನು ಮಾತ್ರ ಹಳೆಯದನ್ನೇ ಉಳಿಸಿಕೊಂಡಿದ್ದಾರೆ. ಆ ಪ್ರಶ್ನೆಯಿಂದ ಪತ್ರಿಕೆಯ ಕೊನೆಯವರೆಗೆ ಪ್ರತಿ ಉತ್ತರವೂ ಒಂದೊಂದು ಸ್ಥಾನ ಪಲ್ಲಟವಾಗಿದೆ.

ಇದನ್ನು ಸಣ್ಣ ಮುದ್ರಣದೋಷವೆಂದು ಬಿಟ್ಟುಬಿಡಲು ನನಗೆ ಸಾಧ್ಯವಿಲ್ಲ. ದೊಡ್ಡವರು ಇಂತಹ ಪಟ್ಟಿಯನ್ನು ಕಂಡರೆ ಪುಸ್ತಕವನ್ನು ಅನುಮಾನಿಸುತ್ತಾರೆ, ಆದರೆ ಐದನೇ ತರಗತಿಯ ಮಗು ಅಚ್ಚಾದದ್ದೆಲ್ಲ ಸರಿಯೆಂದು ನಂಬಿ ತನ್ನನ್ನೇ ಅನುಮಾನಿಸುತ್ತದೆ. ಸರಿಯಾಗಿ ತಿಳಿದಿದ್ದ ವಿಷಯವನ್ನು ಹೊಡೆದುಹಾಕಿ ತಪ್ಪನ್ನು ಬಾಯಿಪಾಠ ಮಾಡಿಕೊಳ್ಳುತ್ತದೆ, ಆಮೇಲೆ ಅದನ್ನು ತಿದ್ದುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ. ದ್ಯುತಿಸಂಶ್ಲೇಷಣೆಯ ವಿಷಯದಲ್ಲಿ ಮಗಳಿಗೆ ಮತ್ತೆ ಧೈರ್ಯ ಬರಲು ಹಲವು ದಿನ ಹಿಡಿಯಿತು. ಪುಸ್ತಕದ ಹಿಂಬದಿಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿದಾಗ, ಮುಂದಿನ ಮುದ್ರಣದಲ್ಲಿ ಸರಿಪಡಿಸುತ್ತೇವೆ ಎಂಬ ಉತ್ತರ ಬಂತು. ಈಗಾಗಲೇ ಕೊಂಡವರು ಏನು ಮಾಡಬೇಕೆಂಬುದಕ್ಕೆ ಉತ್ತರ ಬರಲಿಲ್ಲ.

ಪಟ್ಟಿಯ ದೋಷದ ನಂತರ ಒಳಗಿನ ಪಾಠಗಳನ್ನೂ ನಾನೇ ಓದತೊಡಗಿದೆ. ಸೌರವ್ಯೂಹದ ಪುಟದಲ್ಲಿ ಒಂಬತ್ತು ಗ್ರಹಗಳಿದ್ದವು. ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ಕುಬ್ಜ ಗ್ರಹವೆಂಬ ವರ್ಗಕ್ಕೆ ಸೇರಿಸಿದ್ದು 2006ರಲ್ಲಿ; ನಮ್ಮ ಶಾಲೆಯ ಪುಸ್ತಕದಲ್ಲಿ ಎಂಟೇ ಗ್ರಹಗಳಿವೆ. ಹೆಚ್ಚು ಉಪಗ್ರಹಗಳಿರುವ ಗ್ರಹ ಗುರು, ಸಂಖ್ಯೆ 63 ಎಂದು ಬರೆದಿದ್ದರು. ಶನಿಗೆ 2025ರ ಮಾರ್ಚ್‌ನಲ್ಲಿ ಒಮ್ಮೆಲೇ 128 ಹೊಸ ಉಪಗ್ರಹಗಳ ಮಾನ್ಯತೆ ದೊರೆತು ಒಟ್ಟು 274 ಆಯಿತು, ಗುರುವಿಗಿಂತ ಎಷ್ಟೋ ಮುಂದಿದೆ. ಇಂತಹ ಸಂಖ್ಯೆಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದಲೇ ಅವುಗಳನ್ನು ಮಗುವಿನ ತಲೆಗೆ ತುಂಬುವುದರಲ್ಲಿ ನನಗೆ ನಂಬಿಕೆಯಿಲ್ಲ. ಚಂದ್ರನಿಗೆ ಸ್ವಂತ ಬೆಳಕಿಲ್ಲ, ಸೂರ್ಯಗ್ರಹಣ ಅಮಾವಾಸ್ಯೆಯಂದೇ ಏಕೆ ಆಗುತ್ತದೆ ಎಂಬುದು ತಿಳಿದಿದ್ದರೆ ಸಾಕು. ಆ ಒಂದು ಪಾಠಕ್ಕೆ ನಮಗೆ ಬೇಕಾದದ್ದು ಗೋಡೆಯ ಮೇಲಿನ ಕ್ಯಾಲೆಂಡರ್ ಮತ್ತು ಮಾಳಿಗೆ ಮಾತ್ರ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಸಂಜೆ ಚಂದ್ರನ ಆಕಾರವನ್ನು ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಬಿಡಿಸಿದಳು. ಮೋಡ ಕವಿದ ದಿನದ ಚೌಕವನ್ನು ಖಾಲಿ ಬಿಟ್ಟು, ಆ ದಿನ ಹೇಗಿದ್ದಿರಬೇಕೆಂದು ಮರುದಿನದ ಚಿತ್ರ ನೋಡಿ ಊಹಿಸಿ ತುಂಬಿದಳು. ಗ್ರಹಣದ ಪ್ರಶ್ನೆ ಯಾವ ರೂಪದಲ್ಲಿ ಬಂದರೂ ಆಮೇಲೆ ಅವಳು ತಪ್ಪಲಿಲ್ಲ.

ಕೋಚಿಂಗ್ ತರಗತಿಯ ಬಗ್ಗೆ ನನ್ನ ದೂರು ಬೇರೆ ಬಗೆಯದು. ಅಲ್ಲಿನ ಶಿಕ್ಷಕರು ಶ್ರಮಪಟ್ಟು ಕಲಿಸುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಭಾಗದಲ್ಲಿ ನವೋದಯ, ಸೈನಿಕ ಶಾಲೆ, ಮೊರಾರ್ಜಿ ಎಲ್ಲದಕ್ಕೂ ಒಂದೇ ಬ್ಯಾಚ್ ಮಾಡುವ ರೂಢಿಯಿದೆ. ನವೋದಯದ ಆರನೇ ತರಗತಿ ಆಯ್ಕೆ ಪರೀಕ್ಷೆಯಲ್ಲಿ ಮಾನಸಿಕ ಸಾಮರ್ಥ್ಯಕ್ಕೆ 50, ಅಂಕಗಣಿತಕ್ಕೆ 25, ಭಾಷೆಗೆ 25 ಅಂಕಗಳಿದ್ದು, ವಿಜ್ಞಾನಕ್ಕೆ ಜಾಗವೇ ಇಲ್ಲ. ಸೈನಿಕ ಶಾಲೆಯಲ್ಲೂ ವಿಜ್ಞಾನ ಬರುವುದು ಸಾಮಾನ್ಯ ಜ್ಞಾನದ ಭಾಗವಾಗಿ, 300 ಅಂಕಗಳಲ್ಲಿ ಅರ್ಧದಷ್ಟನ್ನು ಗಣಿತವೇ ತೆಗೆದುಕೊಳ್ಳುತ್ತದೆ. ಬ್ಯಾಚಿನ ಹೆಚ್ಚಿನ ಮಕ್ಕಳು ನವೋದಯಕ್ಕೆ ಬರೆಯುವವರಾದಾಗ ವೇಳಾಪಟ್ಟಿ ಸಹಜವಾಗಿ ಅದರ ಕಡೆಗೇ ವಾಲುತ್ತದೆ. ವಿಜ್ಞಾನಕ್ಕೆ ಸಿಗುತ್ತಿದ್ದುದು ಭಾನುವಾರದ ಕೊನೆಯ ಅವಧಿ, ಮಕ್ಕಳು ದಣಿದು ಬಸ್ಸಿನ ಸಮಯ ಕೇಳುತ್ತಿದ್ದ ಹೊತ್ತು. ತಿಂಗಳಿಗೆ 1,500 ರೂಪಾಯಿ ಶುಲ್ಕ ಕೊಡುವ ಮುನ್ನ, ವಿಜ್ಞಾನಕ್ಕೆ ವಾರದಲ್ಲಿ ಎಷ್ಟು ಅವಧಿ ಎಂದು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಶಕ್ತಿ ಯೋಜನೆಯಿಂದಾಗಿ ಮಗಳಿಗೆ ಬಸ್ ಟಿಕೆಟ್ ಬೇಕಾಗಿರಲಿಲ್ಲ, ಜೊತೆಗೆ ಹೋಗುವ ನನಗೆ ಬೇಕಿತ್ತು, ಅದರೊಂದಿಗೆ ನನ್ನ ಭಾನುವಾರವೂ ಹೋಗುತ್ತಿತ್ತು.

ಆದರೂ ಒಂದು ವಿಷಯದಲ್ಲಿ ಕೋಚಿಂಗ್ ಬೇರೆಲ್ಲಕ್ಕಿಂತ ಮೇಲು. ಓಎಂಆರ್ ಹಾಳೆ ತುಂಬುವುದನ್ನು ಅವರು ಮಾಡಿಸುವಷ್ಟು ಶಿಸ್ತಿನಿಂದ ಮನೆಯಲ್ಲಿ ಮಾಡಿಸುವುದು ಕಷ್ಟ. ಒಂದು ಪ್ರಶ್ನೆ ಗೊತ್ತಾಗದೆ ಬಿಟ್ಟು ಮುಂದೆ ಹೋದ ಮಗು, ಹಾಳೆಯಲ್ಲಿ ಆ ಸಾಲನ್ನು ಬಿಡಲು ಮರೆತರೆ, ಮುಂದಿನ ಎಲ್ಲ ಉತ್ತರಗಳೂ ಮೇಲಿನ ಸಾಲಿಗೆ ಸರಿದುಬಿಡುತ್ತವೆ. ಅಲ್ಲಿನ ಶಿಕ್ಷಕರು ಪ್ರತಿ ಐದು ಪ್ರಶ್ನೆಗೊಮ್ಮೆ ಪ್ರಶ್ನೆಯ ಸಂಖ್ಯೆಯ ಮೇಲೆ ಎಡಗೈ ಬೆರಳು, ಹಾಳೆಯ ಸಂಖ್ಯೆಯ ಮೇಲೆ ಪೆನ್ನಿನ ತುದಿ ಇಟ್ಟು ತಾಳೆ ನೋಡುವುದನ್ನು ರೂಢಿ ಮಾಡಿಸಿದರು. ಇದನ್ನು ಕಲಿಯುವುದಕ್ಕಾಗಿಯಾದರೂ ಕೊನೆಯ ಒಂದು ತಿಂಗಳು ಕಳಿಸಬಹುದು.

ಮೊಬೈಲಿನ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ತೆರೆಯುವ, ಸರ್ಕಾರದ ದೀಕ್ಷಾ ಆ್ಯಪ್‌ನ ಪಾಠಗಳು ಉಚಿತ, ಕೆಲವು ಚೆನ್ನಾಗಿವೆ. ಹಣ ಕೊಟ್ಟು ಕೊಳ್ಳುವ ಆ್ಯಪ್‌ಗಳಲ್ಲಿ ನಾನು ಕಂಡವು ಇಂಗ್ಲಿಷ್ ಮಾಧ್ಯಮದ ಮಕ್ಕಳಿಗಾಗಿ ಮಾಡಿದವು, ಕನ್ನಡ ಮಾಧ್ಯಮದ ಮಗುವಿಗೆ ಅವುಗಳ ಅಗತ್ಯವಿಲ್ಲ.

ಇನ್ನು ನಾನು ನೆಚ್ಚಿಕೊಂಡ ವಿಧಾನ. ಐದನೇ ತರಗತಿಯ ಪರಿಸರ ಅಧ್ಯಯನ ಪುಸ್ತಕ ಸರ್ಕಾರಿ ಶಾಲೆಯ ಮಕ್ಕಳಿಗೆ ಉಚಿತವಾಗಿ ಸಿಗುತ್ತದೆ, ಬೇರೆಯವರು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಿಂದ ಇಳಿಸಿಕೊಳ್ಳಬಹುದು. ನಾಲ್ಕನೇ ತರಗತಿಯ ಪುಸ್ತಕವನ್ನೂ ಜೊತೆಗಿಟ್ಟುಕೊಂಡೆವು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಶಾಲೆಯ ಗುರುಗಳಿಂದಲೂ, ಹಿಂದಿನ ವರ್ಷ ಪರೀಕ್ಷೆ ಬರೆದ ಓಣಿಯ ಮಕ್ಕಳಿಂದಲೂ ಪಡೆದು ಜೆರಾಕ್ಸ್ ಮಾಡಿಸಿದೆ. ಆ ಪತ್ರಿಕೆಗಳ ವಿಜ್ಞಾನದ ಪ್ರಶ್ನೆಗಳನ್ನು ಪುಸ್ತಕದ ಪುಟಗಳಿಗೆ ಹೊಂದಿಸುತ್ತ ಹೋದಾಗ, ಹೆಚ್ಚಿನವು ಪಾಠದ ಒಳಗಿನ ವಾಕ್ಯದಿಂದಲೋ ಚಿತ್ರದಿಂದಲೋ ಹುಟ್ಟಿದವೆಂಬುದು ಸ್ಪಷ್ಟವಾಯಿತು. ಪಾಠದ ಕೊನೆಯ ಅಭ್ಯಾಸದ ಪ್ರಶ್ನೆಗಳನ್ನು ಮಾತ್ರ ಓದುವ ಮಕ್ಕಳು ಇಲ್ಲಿಯೇ ಅಂಕ ಕಳೆದುಕೊಳ್ಳುತ್ತಾರೆ.

ಪಠ್ಯಪುಸ್ತಕದ ಕೊರತೆಯೆಂದರೆ ಅದರಲ್ಲಿ ನಾಲ್ಕು ಆಯ್ಕೆಗಳ ಪ್ರಶ್ನೆಗಳು ಸಾಕಷ್ಟಿಲ್ಲ. ಅದಕ್ಕೆ ನಾವು ಕಂಡುಕೊಂಡ ದಾರಿ, ಪ್ರಶ್ನೆಯನ್ನು ಮಗಳೇ ಬರೆಯುವುದು, ಒಂದು ಸರಿಯುತ್ತರದ ಜೊತೆ ಮೂರು ತಪ್ಪು ಉತ್ತರಗಳನ್ನೂ ಅವಳೇ ಹುಡುಕುವುದು. ಮಗುವಿನ ಗೊಂದಲ ಎಲ್ಲಿದೆ ಎಂಬುದು ಅದು ಬರೆಯುವ ತಪ್ಪು ಉತ್ತರಗಳಲ್ಲಿ ಕಾಣುತ್ತದೆ. ಧಾತು, ಸಂಯುಕ್ತ, ಮಿಶ್ರಣಗಳ ಪಾಠದಲ್ಲಿ, ಇವುಗಳಲ್ಲಿ ಸಂಯುಕ್ತ ಯಾವುದು ಎಂಬ ಪ್ರಶ್ನೆಗೆ ಅವಳು ನೀರು, ಗಾಳಿ ಎರಡನ್ನೂ ಬರೆದು, ಎರಡೂ ಸರಿಯೆಂದಳು. ನೀರಿನಲ್ಲಿ ಜಲಜನಕ ಮತ್ತು ಆಮ್ಲಜನಕ ರಾಸಾಯನಿಕವಾಗಿ ಕೂಡಿವೆ, ಗಾಳಿಯಲ್ಲಿ ಸುಮಾರು 78 ಭಾಗ ಸಾರಜನಕ, 21 ಭಾಗ ಆಮ್ಲಜನಕ ಸುಮ್ಮನೆ ಬೆರೆತಿವೆ ಎಂಬುದನ್ನು ಆ ಬೆಳಿಗ್ಗೆಯೇ ಹೇಳಲು ಸಾಧ್ಯವಾಯಿತು. ಗೈಡಿನ ಪ್ರಶ್ನೆಯಾಗಿದ್ದರೆ ಅವಳು 'ಎ' ಎಂದು ಸರಿಯಾಗಿಯೇ ಗುರುತು ಹಾಕಿ ಮುಂದೆ ಹೋಗಿರುತ್ತಿದ್ದಳು, ಗೊಂದಲ ಒಳಗೇ ಉಳಿಯುತ್ತಿತ್ತು.

ಅದೇ ಪಾಠಕ್ಕೆ ಸೇರಿದ ಇನ್ನೊಂದು ಪ್ರಶ್ನೆ, ಮರಳು ಮತ್ತು ಉಪ್ಪು ಬೆರೆತಿದ್ದರೆ ಬೇರ್ಪಡಿಸುವಾಗ ಮೊದಲು ಮಾಡಬೇಕಾದದ್ದೇನು ಎಂಬುದು. ಗೈಡಿನಲ್ಲಿ ಉಪ್ಪು ಎಂದರೆ ಬಾಷ್ಪೀಕರಣ ಎಂದು ಬಾಯಿಪಾಠ ಮಾಡಿದ್ದ ಮಗಳು ಅದನ್ನೇ ಆರಿಸಿದಳು. ಒಂದು ಲೋಟದಲ್ಲಿ ಎರಡನ್ನೂ ಬೆರೆಸಿ ಅವಳ ಕೈಗೇ ಕೊಟ್ಟೆ. ನೀರು ಹಾಕದೆ ಏನನ್ನೂ ಕಾಯಿಸಲಾಗದೆಂಬುದು ಅವಳಿಗೆ ತಕ್ಷಣ ಹೊಳೆಯಿತು. ನೀರು ಹಾಕಿ ಕದಡಿದಳು, ಹಳೆಯ ಧೋತರದ ತುಂಡಿನಲ್ಲಿ ಸೋಸಿದಳು, ಬಟ್ಟೆಯ ಮೇಲೆ ಮರಳು ಉಳಿಯಿತು. ಸೋಸಿದ ನೀರನ್ನು ಅವಳ ತಾಯಿ ಒಲೆಯ ಮೇಲೆ ತಾಟಿನಲ್ಲಿ ಕಾಯಿಸಿದಾಗ ಅಂಚಿನಿಂದ ಒಳಕ್ಕೆ ಬಿಳಿಯ ಪದರ ಕಟ್ಟುತ್ತ ಬಂತು. ಆರಿದ ಮೇಲೆ ನಾಲಿಗೆಗೆ ಹಚ್ಚಿ ನೋಡಿ ಉಪ್ಪೆಂದು ಖಚಿತಪಡಿಸಿಕೊಂಡಳು. ಕರಗಿಸುವುದು, ಸೋಸುವುದು, ಕಾಯಿಸುವುದು ಎಂಬ ಕ್ರಮವನ್ನು ಅವಳಿಗೆ ಮತ್ತೆ ಓದಿಸಬೇಕಾಗಲಿಲ್ಲ.

ಈ ವಿಧಾನಕ್ಕೆ ಮನೆಯಲ್ಲಿ ಯಾರಾದರೂ ಒಬ್ಬರು ದಿನವೂ ಜೊತೆಗೆ ಕೂರಬೇಕು. ಬೆಳಗಿನ ಒಂದು ತಾಸು ಸಿಗುವ ನನ್ನಂತಹವರಿಗೆ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದವರಿಗೆ ಇದು ಒಗ್ಗುತ್ತದೆ. ಕಬ್ಬು ಕಡಿಯುವ ಕಾಲದಲ್ಲಿ ನಸುಕಿಗೇ ಹೊಲಕ್ಕೆ ಹೋಗಿ ಕತ್ತಲಾದ ಮೇಲೆ ಬರುವ ತಂದೆ ತಾಯಂದಿರಿಗೆ ಇದನ್ನೇ ಮಾಡಿ ಎಂದು ಹೇಳಲಾರೆ. ಅವರ ಮಕ್ಕಳಿಗೆ, ವಿಜ್ಞಾನಕ್ಕೆ ಸರಿಯಾದ ಅವಧಿ ಕೊಡುವ ಕೋಚಿಂಗ್ ಸಿಕ್ಕರೆ ಅದೇ ಮೇಲು, ಇಲ್ಲವೇ ಶಾಲೆಯ ಗುರುಗಳು ಸಂಜೆ ಕೂರಿಸಿಕೊಳ್ಳುವುದಾದರೆ ಇನ್ನೂ ಒಳ್ಳೆಯದು. ಗೈಡನ್ನು ಈಗಾಗಲೇ ಕೊಂಡವರು ಗಣಿತಕ್ಕೆ ಬಳಸಲಿ. ವಿಜ್ಞಾನದ ಮಾದರಿ ಪತ್ರಿಕೆಗಳನ್ನು ಬಿಡಿಸಲು ಕೊಡುವ ಮುನ್ನ ಉತ್ತರದ ಪಟ್ಟಿಯನ್ನು ಹರಿದು ತೆಗೆದಿಟ್ಟು, ಪ್ರತಿ ಉತ್ತರಕ್ಕೂ ಪಠ್ಯಪುಸ್ತಕದ ಪುಟ ಸಂಖ್ಯೆಯನ್ನು ಮಗುವಿನಿಂದಲೇ ಬರೆಸಬೇಕು.

ಮಗಳಿಗೆ ಎರಡನೇ ಸುತ್ತಿನ ಪಟ್ಟಿಯಲ್ಲಿ ಸೀಟು ಸಿಕ್ಕಿತು. ಸೀಟು ಹಂಚಿಕೆ ಜಿಲ್ಲೆ, ಪ್ರವರ್ಗ ಎಲ್ಲವನ್ನೂ ಅವಲಂಬಿಸಿರುವುದರಿಂದ ಅದನ್ನು ಈ ವಿಧಾನದ ಫಲವೆಂದಷ್ಟೇ ಹೇಳುವುದು ಸರಿಯಲ್ಲ. ಈ ವರ್ಷ ನಮ್ಮ ತಮ್ಮನ ಮಗ ಐದನೇ ತರಗತಿಗೆ ಬಂದಿದ್ದಾನೆ. ಅವನಿಗೆ ಎರಡು ಪರಿಸರ ಅಧ್ಯಯನ ಪುಸ್ತಕಗಳು, ಹಳೆಯ ಪತ್ರಿಕೆಗಳ ಜೆರಾಕ್ಸ್, ಖಾಲಿ ಓಎಂಆರ್ ಹಾಳೆಗಳ ಒಂದು ಕಟ್ಟು ಕೊಟ್ಟಿದ್ದೇನೆ, ಎಲ್ಲ ಸೇರಿ 200 ರೂಪಾಯಿಯ ಒಳಗೆ ಮುಗಿಯಿತು. ಜನವರಿಯಲ್ಲಿ ಒಂದು ತಿಂಗಳು ಕೋಚಿಂಗಿಗೆ ಕಳಿಸುವಂತೆ ತಮ್ಮನಿಗೆ ಹೇಳಿದ್ದೇನೆ.