ರಜೆಯೋ, ರಾಜೀನಾಮೆಯೋ?

ದಣಿದ ಜನಪ್ರತಿನಿಧಿ ರಜೆ ಪಡೆಯಬೇಕೇ, ರಾಜೀನಾಮೆ ಕೊಡಬೇಕೇ ಎಂದು ಕೇಳಿದ್ದೀರಿ. ನಾರ್ವೆಯ ಪ್ರಧಾನಿ ಬೊಂದೆವಿಕ್ 1998ರಲ್ಲಿ ತಮ್ಮ ಖಿನ್ನತೆಯನ್ನು ಬಹಿರಂಗವಾಗಿ ಹೇಳಿಕೊಂಡು ಕೆಲವು ವಾರ ರಜೆ ಪಡೆದರು; ಮರಳಿ ಬಂದು ಅಧಿಕಾರ ನಡೆಸಿದರಲ್ಲದೆ, 2001ರಲ್ಲಿ ಮತ್ತೊಮ್ಮೆ ಪ್ರಧಾನಿಯಾದರು. ನ್ಯೂಜಿಲೆಂಡಿನ ಪ್ರಧಾನಿ ಜಸಿಂಡಾ ಆರ್ಡರ್ನ್ 2023ರ ಜನವರಿಯಲ್ಲಿ, ಹುದ್ದೆಗೆ ಬೇಕಾದ ಚೈತನ್ಯ ಉಳಿದಿಲ್ಲವೆಂದು ಒಪ್ಪಿ ನಿರ್ಗಮಿಸಿದರು.

ಜನರ ಗುಸುಗುಸು ಎರಡು ದಾರಿಯಲ್ಲೂ ತಪ್ಪದು. ಆಡಳಿತದ ನಿರಂತರತೆಯೇ ಮುಖ್ಯವಾದರೆ ರಜೆ ಮೇಲು. ಆದರೆ ಗುಣವಾಗುವ ಭರವಸೆಯ ಜೊತೆಗೆ, ಬೊಂದೆವಿಕ್ ಅವರಿಗಿದ್ದಂತೆ, ಹೊಣೆ ಹೊರಬಲ್ಲ ಸಹೋದ್ಯೋಗಿಯೂ ಇರಬೇಕು. ದಣಿವು ವಿಶ್ರಾಂತಿಗೆ ಬಗ್ಗದಿದ್ದರೆ, ಚುನಾವಣೆಗೆ ಸಾಕಷ್ಟು ಮುನ್ನವೇ ಸರಿದು ಉತ್ತರಾಧಿಕಾರಿಗೆ ಕಾಲಾವಕಾಶ ಕೊಡುವುದು ಲೇಸು. ಅದು ಗೆಲುವಿನ ಖಾತರಿಯಲ್ಲ: 2023ರ ಅಕ್ಟೋಬರ್‌ನಲ್ಲಿ ಆರ್ಡರ್ನ್ ಅವರ ಪಕ್ಷ ಸೋತಿತು. ನೀವು ಗ್ರಾಮ ಪಂಚಾಯಿತಿ ಅಧ್ಯಕ್ಷರಾಗಿದ್ದರೆ, ಮೊದಲು ಉಪಾಧ್ಯಕ್ಷರೊಂದಿಗೆ ಮಾತನಾಡಿ.