ಬೆಕ್ಕಿನ ಮೀಸೆಗೆಂದು ಕೊಂಡ ಅಗಲ ತಟ್ಟೆ: ಮೂರು ತಿಂಗಳ ಬಳಕೆಯ ನಂತರ

ನಮ್ಮ ಮನೆಯ ಎಂಟು ವರ್ಷದ ಬೆಕ್ಕು ಬೆಳ್ಳಿಗೆಂದು ಮೂರು ತಿಂಗಳ ಹಿಂದೆ ಪಿಂಗಾಣಿಯ ಅಗಲ ತಟ್ಟೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಬೆಲೆ 549 ರೂಪಾಯಿ, ಅಗಲ 16 ಸೆಂ.ಮೀ., ಆಳ ಎರಡೂವರೆ ಸೆಂ.ಮೀ. ಪೆಟ್ಟಿಗೆಯ ಮೇಲೆ ಎರಡು ಭರವಸೆಗಳಿದ್ದವು: ಈ ತಟ್ಟೆ ಬೆಕ್ಕಿನ 'ಮೀಸೆಯ ಆಯಾಸ'ವನ್ನು (ಉಣ್ಣುವಾಗ ಮೀಸೆ ಬಟ್ಟಲಿನ ಅಂಚಿಗೆ ತಾಗಿ ತಾಗಿ ಆಗುತ್ತದೆನ್ನುವ ದಣಿವನ್ನು) ಹೋಗಲಾಡಿಸುತ್ತದೆ, ಊಟ ಬಿಟ್ಟ ಬೆಕ್ಕು ಮತ್ತೆ ಉಣ್ಣುವಂತೆ ಮಾಡುತ್ತದೆ. ತಟ್ಟೆ ಒಳ್ಳೆಯದು, ಇಂದಿಗೂ ಬಳಸುತ್ತಿದ್ದೇನೆ. ಆದರೆ ಆ ಎರಡನೆಯ ಭರವಸೆಯನ್ನು ನಂಬಿದ್ದರಿಂದ ಬೆಳ್ಳಿ ಹನ್ನೆರಡು ದಿನ ಹೆಚ್ಚಾಗಿ ನೋವು ಉಂಡಿತು. ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಳೆಯ ಬಟ್ಟಲು ಪ್ಲಾಸ್ಟಿಕ್ಕಿನದು, ಬಾಯಿ ಕಿರಿದು, ಆಳ ಹೆಚ್ಚು. ಬೆಳ್ಳಿ ಅದರೊಳಗೆ ಮುಖವಿಟ್ಟಾಗ ಎರಡೂ ಬದಿಯ ಮೀಸೆಗಳು ಅಂಚಿಗೆ ತಾಗಿ ಬಿಲ್ಲಿನಂತೆ ಹಿಂದಕ್ಕೆ ಬಾಗುತ್ತಿದ್ದವು. ಅದು ನಡುವಿನ ಕಾಳುಗಳನ್ನಷ್ಟೇ ತಿಂದು ಸುತ್ತಲಿನದನ್ನು ಹಾಗೆಯೇ ಬಿಡುತ್ತಿತ್ತು. ಕೆಲವೊಮ್ಮೆ ಮುಂಗಾಲಿನಿಂದ ಒಂದೊಂದೇ ಕಾಳನ್ನು ನೆಲಕ್ಕೆ ಎಳೆದುಕೊಂಡು ತಿನ್ನುತ್ತಿತ್ತು. ಹೊಲಿಗೆಯ ಟೇಪಿನಿಂದ ಅಳೆದು ನೋಡಿದರೆ ಬಟ್ಟಲಿನ ಬಾಯಿ 10 ಸೆಂ.ಮೀ., ಬೆಳ್ಳಿಯ ಮೀಸೆ ತುದಿಯಿಂದ ತುದಿಗೆ 17 ಸೆಂ.ಮೀ. ಇಷ್ಟು ಕಂಡ ಮೇಲೆ ಮೀಸೆಯೇ ಕಾರಣವೆಂದು ತೀರ್ಮಾನಿಸಿದ್ದು ಸಹಜವಾಗಿತ್ತು.

ಮೀಸೆ ಎಷ್ಟು ಸೂಕ್ಷ್ಮವಾದ ಅಂಗವೆಂಬುದು ತಿಳಿದವರಿಗೆ ಈ ತೀರ್ಮಾನ ಇನ್ನೂ ಸುಲಭ. ಸಾಮಾನ್ಯವಾಗಿ ಮೂತಿಯ ಪ್ರತಿ ಬದಿಯಲ್ಲಿ ನಾಲ್ಕು ಸಾಲುಗಳಲ್ಲಿ ಸುಮಾರು 12 ಮೀಸೆಗಳಿರುತ್ತವೆ. ಕಣ್ಣಿನ ಮೇಲೆ, ಗಲ್ಲದ ಕೆಳಗೆ, ಮುಂಗಾಲುಗಳ ಹಿಂಬದಿಯಲ್ಲೂ ಅಂಥದೇ ಗಡಸು ಕೂದಲುಗಳಿವೆ. ಮೀಸೆಯ ಎಳೆಯಲ್ಲಿ ನರವಿಲ್ಲ, ಅದು ನಮ್ಮ ಉಗುರಿನಂತೆಯೇ ಕೆರಾಟಿನ್‌ನಿಂದ ಆದದ್ದು. ಸ್ಪರ್ಶದ ಕೆಲಸವೆಲ್ಲ ನಡೆಯುವುದು ಬುಡದಲ್ಲಿ. ಮೈಕೂದಲಿಗಿಂತ ಸುಮಾರು ಮೂರು ಪಟ್ಟು ಆಳಕ್ಕೆ ಇಳಿದಿರುವ ಆ ಬುಡದ ಸುತ್ತ ರಕ್ತ ತುಂಬಿದ ಚೀಲವೂ ನರತುದಿಗಳ ದಟ್ಟಣೆಯೂ ಇರುವುದರಿಂದ ತುದಿ ಒಂದಿಷ್ಟು ಅಲುಗಿದರೂ, ಗಾಳಿ ಸ್ವಲ್ಪ ದಿಕ್ಕು ಬದಲಿಸಿದರೂ ಬೆಕ್ಕಿಗೆ ಸುದ್ದಿ ಮುಟ್ಟುತ್ತದೆ. ಕತ್ತಲಲ್ಲಿ ಕಾಲಿಡುವುದಕ್ಕೂ ಸಂದಿಯಲ್ಲಿ ಮೈ ಹಿಡಿಸುತ್ತದೆಯೇ ಎಂದು ನೋಡುವುದಕ್ಕೂ ಅದಕ್ಕೆ ಮೀಸೆಯ ನೆರವು ಬೇಕು. ಅದಕ್ಕಿಂತ ಮುಖ್ಯವಾದ ಕೆಲಸವೊಂದಿದೆ: ಬೆಕ್ಕಿನ ಕಣ್ಣಿಗೆ ಮೂತಿಯ ತೀರ ಹತ್ತಿರದ ವಸ್ತು ಸ್ಪಷ್ಟವಾಗಿ ಕಾಣುವುದಿಲ್ಲ, ಆದ್ದರಿಂದ ಹಿಡಿದ ಇಲಿ ಬಾಯಲ್ಲಿ ಹೇಗಿದೆ, ಎತ್ತ ಒದ್ದಾಡುತ್ತಿದೆ ಎಂಬುದನ್ನು ಅದು ಮುಂದಕ್ಕೆ ಚಾಚಿದ ಮೀಸೆಗಳಿಂದ ತಿಳಿಯುತ್ತದೆ. ಬೆಳ್ಳಿಗೆ ಬೇಯಿಸಿದ ಬೂತಾಯಿಯ ತುಂಡನ್ನು ಕೈಯಲ್ಲಿ ಹಿಡಿದು ಕೊಟ್ಟಾಗ ಅದರ ಮೀಸೆಗಳು ಮುಂದಕ್ಕೆ ಬಂದು ಮೀನನ್ನು ಎರಡೂ ಕಡೆಯಿಂದ ಬಳಸುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಇಂಥ ಅಂಗವನ್ನು ಮಕ್ಕಳು ಆಟಕ್ಕೆಂದು ಕತ್ತರಿಸುವುದನ್ನು ಹಿರಿಯರು ಸುಮ್ಮನೆ ನೋಡಿಕೊಂಡಿರಬಾರದು.

ಆದರೆ ಅಂಗ ಸೂಕ್ಷ್ಮವಾದ ಮಾತ್ರಕ್ಕೆ ಬಟ್ಟಲಿನ ಅಂಚು ತಾಗಿದರೆ ಅದು ದಣಿಯುತ್ತದೆ ಎಂದಾಗುವುದಿಲ್ಲ. 38 ಬೆಕ್ಕುಗಳನ್ನು ಇಟ್ಟುಕೊಂಡು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾಮೂಲಿ ಬಟ್ಟಲನ್ನೂ ಮೀಸೆಗೆಂದೇ ಮಾಡಿದ ತಟ್ಟೆಯನ್ನೂ ಹೋಲಿಸಿ ನೋಡಿತು. ತಿಂದ ಪ್ರಮಾಣದಲ್ಲಾಗಲಿ ತಿನ್ನಲು ತೆಗೆದುಕೊಂಡ ಹೊತ್ತಿನಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ಹೆಚ್ಚು ಬೆಕ್ಕುಗಳು ಅಗಲ ತಟ್ಟೆಯ ಕಡೆಗೆ ಹೋದವು. ಎಂದರೆ ಅಗಲ ತಟ್ಟೆ ಬೆಕ್ಕಿಗೆ ಹಿತವಾಗಬಹುದು. ಅದನ್ನು ಔಷಧವೆಂದು ಮಾರುವುದು ತಪ್ಪು.

ನನಗೆ ಇದು ತಡವಾಗಿ ತಿಳಿಯಿತು. ಹೊಸ ತಟ್ಟೆ ಬಂದ ಮೊದಲೆರಡು ದಿನ ಬೆಳ್ಳಿ ಮೊದಲಿಗಿಂತ ಸ್ವಲ್ಪ ಹೆಚ್ಚು ತಿಂದಿತು, ನನಗೆ ಸಮಾಧಾನವಾಯಿತು. ಆಮೇಲೆ ಮತ್ತೆ ಅದೇ ಕತೆ: ಹಸಿವಿನಿಂದ ತಟ್ಟೆಯವರೆಗೆ ಬರುವುದು, ಒಂದು ಕಾಳನ್ನು ಬಾಯಿಗಿಟ್ಟು ತಲೆಯನ್ನು ಬಲಕ್ಕೆ ವಾಲಿಸುವುದು, ಕಾಳನ್ನು ಉದುರಿಸಿ ಹಿಂದೆ ಸರಿಯುವುದು. 'ಹೊಂದಿಕೊಳ್ಳಲು ಎರಡು ವಾರ ಬೇಕು' ಎಂದು ಪೆಟ್ಟಿಗೆಯಲ್ಲಿದ್ದ ಚೀಟಿ ಹೇಳುತ್ತಿತ್ತು, ನಾನು ಕಾದೆ. ಹನ್ನೆರಡನೆಯ ದಿನ ಪಶುವೈದ್ಯರ ಬಳಿಗೆ ಕರೆದೊಯ್ದಾಗ ಅವರು ತುಟಿಯನ್ನು ಮೇಲೆತ್ತಿ ಕೆಳದವಡೆಯ ಒಂದು ಹಲ್ಲನ್ನು ತೋರಿಸಿದರು; ಒಸಡಿನ ಅಂಚಿನಲ್ಲಿ ಹಲ್ಲು ಕರಗಿ ಅಲ್ಲಿ ಕೆಂಪಗೆ ಗುಳಿ ಬಿದ್ದಿತ್ತು. ವಯಸ್ಸಾಗುತ್ತಿರುವ ಬೆಕ್ಕುಗಳಲ್ಲಿ ಇದು ಅಪರೂಪವೇನಲ್ಲವಂತೆ. ಅರಿವಳಿಕೆ ಕೊಟ್ಟು ಆ ಹಲ್ಲನ್ನು ತೆಗೆದ ನಂತರ ಬೆಳ್ಳಿ ಒಂದೇ ವಾರದಲ್ಲಿ ತಟ್ಟೆ ಬರಿದು ಮಾಡತೊಡಗಿತು. ಬಾಯಿನೋವಿನ ಲಕ್ಷಣಗಳೂ 'ಮೀಸೆಯ ಆಯಾಸ'ದ್ದೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿದ್ದ ಲಕ್ಷಣಗಳೂ ಹೆಚ್ಚುಕಡಿಮೆ ಒಂದೇ ಆಗಿದ್ದವು, ಇದೇ ಅಪಾಯ. ಬೆಕ್ಕು ಒಂದೆರಡು ದಿನ ಏನನ್ನೂ ಮುಟ್ಟದೆ ಹೋದರೆ ಅದರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಸಂಚಕಾರ ಬರಬಹುದು. ಮಾರುವವರು ಇದನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹಾಕಲಿ.

ಇನ್ನು ತಟ್ಟೆಯ ಗುಣದೋಷ. ಪಿಂಗಾಣಿಯ ಮೆರುಗು ನಯವಾಗಿದೆ, ತೊಳೆದರೆ ಮೀನಿನ ವಾಸನೆ ಉಳಿಯುವುದಿಲ್ಲ. ತೂಕವಿರುವುದರಿಂದ ಬೆಕ್ಕು ನೆಕ್ಕುವಾಗ ನೆಲದ ಮೇಲೆ ಜಾರಿಕೊಂಡು ಹೋಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಬಟ್ಟಲನ್ನು ಬಿಟ್ಟ ಮೇಲೆ ಬೆಳ್ಳಿಯ ಗಲ್ಲದ ಕೆಳಗಿದ್ದ ಕಪ್ಪು ಚುಕ್ಕೆಗಳೂ ಕಡಿಮೆಯಾಗಿವೆ, ಇದು ನನಗೆ ಕಂಡ ದೊಡ್ಡ ಲಾಭ. ತೊಂದರೆಯೆಂದರೆ ಇರುವೆ. ಅಂಚು ಗಿಡ್ಡವಾದ್ದರಿಂದ ಐದು ನಿಮಿಷದಲ್ಲಿ ಸಾಲು ಹಿಡಿದು ಬರುತ್ತವೆ; ನಾನೀಗ ತಟ್ಟೆಯನ್ನು ನೀರು ಹಾಕಿದ ದೊಡ್ಡ ಪರಾತದ ನಡುವೆ, ಮಗುಚಿಟ್ಟ ಬಟ್ಟಲೊಂದರ ಮೇಲೆ ಇಡುತ್ತೇನೆ. ಮೆತ್ತಗಿನ ಆಹಾರವನ್ನು ಹರಡಿ ಹಾಕಿದರೆ ಫ್ಯಾನಿನ ಗಾಳಿಗೆ ಬೇಗ ಒಣಗುತ್ತದೆ, ಹಾಗಾಗಿ ಸ್ವಲ್ಪಸ್ವಲ್ಪವಾಗಿ ಬಡಿಸಬೇಕು.

ಪರ್ಷಿಯನ್‌ನಂಥ ಚಪ್ಪಟೆ ಮೂತಿಯ ಬೆಕ್ಕು ಸಾಕಿದವರಿಗೆ ಆಳವಿಲ್ಲದ ತಟ್ಟೆ ನಿಜವಾಗಿಯೂ ಅನುಕೂಲ. ಉಳಿದವರು 549 ರೂಪಾಯಿ ಕೊಡಲೇಬೇಕೆಂದಿಲ್ಲ, ಪಾತ್ರೆ ಅಂಗಡಿಯ ತಿಂಡಿ ತಿನ್ನುವ ಸಣ್ಣ ಸ್ಟೀಲ್ ತಟ್ಟೆಯೂ ಇದೇ ಕೆಲಸ ಮಾಡುತ್ತದೆ. ಐದರಲ್ಲಿ ನಾನು ತಟ್ಟೆಗೆ ನಾಲ್ಕು ಅಂಕ ಕೊಡುತ್ತೇನೆ, ಪೆಟ್ಟಿಗೆಯ ಮೇಲಿನ ಬರಹಕ್ಕೆ ಒಂದೂ ಇಲ್ಲ. ಕಳೆದ ವಾರ ಹಳೆಯ ಬಟ್ಟಲನ್ನೂ ಹೊಸ ತಟ್ಟೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಬೆಳ್ಳಿ ಮೊದಲು ತಟ್ಟೆಯದನ್ನು ಮುಗಿಸಿತು, ಆಮೇಲೆ ಬಟ್ಟಲಿಗೂ ಮುಖವಿಟ್ಟು, ಮೀಸೆ ಬಾಗಿದರೂ ಲೆಕ್ಕಿಸದೆ, ತಳದ ಕೊನೆಯ ಕಾಳಿನವರೆಗೂ ತಿಂದಿತು.